ಅಂಬ್ರಪ್ಪ ಮಾಮಾ ನಂಬದ ತೊಂಬತ್ತು ಸೆಕೆಂಡು

ಯಾದಗಿರಿ,
ಭಾನುವಾರ ಮಧ್ಯಾಹ್ನ

ಪೂಜ್ಯ ಅಂಬ್ರಪ್ಪ ಮಾಮಾ ಅವರಿಗೆ,

ನಿಮ್ಮ ಸೋದರಸೊಸೆ ದೇವಕಿಯ ನಮಸ್ಕಾರ. ನಾನು ಕ್ಷೇಮ, ನೀವೂ ಕ್ಷೇಮವೆಂದು ನಂಬಿದ್ದೇನೆ ಎಂದು ಬರೆಯುವುದು ರೂಢಿ. ನೀವು ಕ್ಷೇಮವೋ ಅಲ್ಲವೋ ತಿಳಿದುಕೊಳ್ಳಲಿಕ್ಕೇ ಒಂದು ತಿಂಗಳಿಂದ ಹೆಣಗುತ್ತಿರುವುದರಿಂದ ಆ ಸಾಲನ್ನು ಬಿಟ್ಟಿದ್ದೇನೆ.

ಫೋನ್ ಮಾಡಿದರೆ ಎರಡು ಸಲ ಹೂಂ ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ನಡುವೆ ತುಂಡರಿಸಲಾಗದು ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಆಪರೇಷನ್ ಆಗಿ ಆರು ತಿಂಗಳಿಗೆ ಕುತ್ತಿಗೆಯ ಸ್ಕ್ಯಾನ್ ಇನ್ನೊಮ್ಮೆ ಆಗಬೇಕೆಂದು ಹೈದರಾಬಾದಿನ ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಮೊದಲ ಸಲ ಮೆಣಸಿನಕಾಯಿ ಬಿಡಿಸುವುದಿದೆ ಎಂದಿರಿ. ಎರಡನೇ ಸಲ ಶಹಾಪುರದಲ್ಲಿ ಬಸ್ ಹತ್ತಿದ್ದು ನಿಜ, ಯಾದಗಿರಿಯಲ್ಲಿ ಇಳಿದದ್ದೂ ನಿಜ. ನನ್ನ ಸ್ಕ್ಯಾನಿಂಗ್ ಸೆಂಟರು ಬಸ್ ನಿಲ್ದಾಣದಿಂದ ಹತ್ತು ನಿಮಿಷದ ದಾರಿ. ಇಲ್ಲಿಗೆ ಬರದೆ ಇನ್ನೊಂದು ಬಸ್ ಹಿಡಿದು ಹತ್ತಿಕುಣಿಗೆ ಹೋಗಿ, ಜಲಾಶಯದಲ್ಲಿ ನೀರೆಷ್ಟು ನಿಂತಿದೆ ಎಂದು ನೋಡಿಕೊಂಡು, ಸಂಜೆಗೆ ಮನೆ ಸೇರಿದಿರಿ. ನಾನು ಯಂತ್ರ ಖಾಲಿ ಇಟ್ಟುಕೊಂಡು ಒಂದೂವರೆಯವರೆಗೆ ಬಾಗಿಲು ನೋಡುತ್ತ ಕೂತಿದ್ದೆ. ಕಾಲುವೆ ಇಲಾಖೆಯಿಂದ ನಿವೃತ್ತರಾಗಿ ಆರು ವರ್ಷವಾಯಿತು ಮಾಮಾ. ಹತ್ತಿಕುಣಿಯ ನೀರು ನಿಮ್ಮ ಸರ್ವೀಸಿನಲ್ಲಿ ಎಂದೂ ನಿಮ್ಮ ಸುಪರ್ದಿಗೆ ಇರಲಿಲ್ಲ.

ಬರುವ ಬುಧವಾರ, ಬೆಳಿಗ್ಗೆ ಹತ್ತಕ್ಕೆ. ಬಾಲಮ್ಮತ್ತಿಯನ್ನು ಜೊತೆಗೆ ಕರೆತನ್ನಿ. ಈ ಮಾತು ಇಲ್ಲಿಗೆ ಮುಗಿಯಿತು, ಮತ್ತೆ ಎತ್ತುವುದಿಲ್ಲ. ನಾನು ಬರೆಯಬೇಕಾದದ್ದು ಬೇರೆಯೇ ಇದೆ. ಅದನ್ನು ಮೊದಲಿನಿಂದ ಬರೆಯದಿದ್ದರೆ ನನಗೂ ಸಮಾಧಾನವಿಲ್ಲ, ನಿಮಗೂ ಅರ್ಥವಾಗುವುದಿಲ್ಲ.

ಹೋದ ಶ್ರಾವಣದಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ ನಿಮ್ಮ ಎಡಗಣ್ಣಿಗೆ ಮೊದಲ ಸಲ ಪರದೆ ಇಳಿಯಿತು. ಐದು ನಿಮಿಷ ಕತ್ತಲೆ, ಆಮೇಲೆ ಮೊದಲಿನ ಹಾಗೆ ಬೆಳಕು. ಯಾರಿಗೂ ಹೇಳಲಿಲ್ಲ. ಎರಡನೇ ಸಲವೂ ಹೇಳಲಿಲ್ಲ. ಮೂರನೇ ಸಲ ಚಹಾ ಬಸಿಯುತ್ತಿದ್ದವರು ಕಪ್ಪಿನ ಪಕ್ಕಕ್ಕೆ ಸುರಿದಾಗ ಬಾಲಮ್ಮತ್ತಿ ಹಿಡಿದರು. ಕಣ್ಣಲ್ಲಿ ಕಸ ಬಿದ್ದಿದೆ ಎಂದು ಅವರಿಗೆ ಹೇಳಿದಿರಂತೆ. ಯಾವ ಕಸ ಮಾಮಾ ಸರಿಯಾಗಿ ಐದು ನಿಮಿಷಕ್ಕೆ ತಾನಾಗಿಯೇ ಎದ್ದು ಹೋಗುತ್ತದೆ? ಅತ್ತೆ ನನಗೆ ಫೋನ್ ಮಾಡದಿದ್ದರೆ ಇವತ್ತು ಈ ಕಾಗದ ಓದಲಿಕ್ಕೆ ನೀವು ಇರುತ್ತಿರಲಿಲ್ಲ. ಸಿಟ್ಟಿನಲ್ಲಿ ಹೇಳುತ್ತಿಲ್ಲ. ಹದಿಮೂರು ವರ್ಷ ಇದೇ ಕೆಲಸ ಮಾಡಿದವಳಾಗಿ ಹೇಳುತ್ತಿದ್ದೇನೆ.

ಕುತ್ತಿಗೆಯ ರಕ್ತನಾಳ ಒಳಗೆ ಕಿಲುಬುಗಟ್ಟಿ ಕಿರಿದಾಗಿದೆ, ಅದರ ಚೂರು ಕಳಚಿ ಕಣ್ಣಿಗೆ ಹೋಗುತ್ತಿದೆ, ಮುಂದಿನ ಚೂರು ಮೆದುಳಿಗೆ ಹೋದರೆ ಕೈಕಾಲು, ಮಾತು, ಏನು ಬೇಕಾದರೂ ನಿಲ್ಲಬಹುದು ಎಂದು ನಮ್ಮ ಭಗವಂತರಾಯ ಡಾಕ್ಟರು ನಿಮ್ಮನ್ನು ಕೂಡಿಸಿಕೊಂಡು ಹೇಳಿದರು. ನಮ್ಮ ಸೆಂಟರಿನಲ್ಲಿ ಸ್ಕ್ಯಾನ್ ನೋಡಿ ವರದಿ ಬರೆಯುವವರು ಅವರೇ. ಕುತ್ತಿಗೆಯ ಮೇಲೆ ಒತ್ತಿ ನೋಡುವ ಸಾದಾ ಸ್ಕ್ಯಾನ್ ಮಾಡಿದರು. ನಾಳದಲ್ಲಿ ಸುಣ್ಣ ಕಟ್ಟಿ ನೆರಳು ಬಿದ್ದಿತ್ತು, ಏನೂ ತಿಳಿಯಲಿಲ್ಲ. ನಾಳದ ಪೂರ್ತಿ ಚಿತ್ರ ಇಲ್ಲದೆ ಕತ್ತಿ ಹಾಕುವುದಿಲ್ಲವೆಂದು ಹೈದರಾಬಾದಿನವರು ಹೇಳಿದರು. ಔಷಧಿ ಚುಚ್ಚಿ ಚಿತ್ರ ತೆಗೆಯೋಣವೆಂದರೆ ನಿಮ್ಮ ಕಿಡ್ನಿ ಮೊದಲೇ ಸೋತಿದೆ. ಉಳಿದದ್ದು ಒಂದೇ ದಾರಿ, ಔಷಧಿಯಿಲ್ಲದ ಎಂ.ಆರ್.ಐ. ಅದಕ್ಕೆ ಆರೂವರೆ ನಿಮಿಷ ಕುತ್ತಿಗೆ ಅಲುಗಬಾರದು. ಕೆಮ್ಮಬಾರದು, ಉಗುಳು ನುಂಗಬಾರದು.

ಮೂವತ್ತು ವರ್ಷ ಬೀಡಿ ಸೇದಿದ ಮನುಷ್ಯನಿಗೆ ಆರೂವರೆ ನಿಮಿಷ ಕೆಮ್ಮಬೇಡಿ ಎಂದು ಹೇಳಿದ್ದು ನನ್ನ ತಪ್ಪೇ ಇರಬಹುದು. ಆದರೂ ಆ ದಿನದ್ದು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಮೊದಲ ಸಲ ಎರಡನೇ ನಿಮಿಷಕ್ಕೆ ಕೆಮ್ಮಿದಿರಿ. ನೀರು ಕುಡಿಸಿ, ಬೆನ್ನು ಸವರಿ, ಮತ್ತೆ ಮಲಗಿಸಿದೆ. ನಾಲ್ಕನೇ ನಿಮಿಷಕ್ಕೆ ಉಗುಳು ನುಂಗಿದಿರಿ, ಒಮ್ಮೆಯಲ್ಲ, ಐದು ಸಲ. ಮೂರನೇ ಸಲ ಕೆಮ್ಮಲಿಲ್ಲ, ನುಂಗಲಿಲ್ಲ. ಐದು ನಿಮಿಷ ಕಲ್ಲಿನ ಹಾಗೆ ಮಲಗಿದ್ದಿರಿ. ನಾನು ಗಾಜಿನ ಈಚೆ ಗಡಿಯಾರ ನೋಡುತ್ತಿದ್ದೆ. ಆಗ ಯಂತ್ರದ ಬಡಿತಕ್ಕೆ ತಲೆ ಎತ್ತಿ, "ದೇವಕಿ, ಯಾರೋ ಬಾಗಲಾ ಬಡಿಯಾಕತ್ಯಾರ ನೋಡು" ಎಂದಿರಿ. ಬಾಗಿಲ ಬಳಿ ಯಾರೂ ಇರಲಿಲ್ಲ. ಅದು ಯಂತ್ರದ ಸದ್ದು ಎಂದು ಆ ಮೊದಲು ನಿಮಗೆ ನಾಲ್ಕು ಸಲ ಹೇಳಿದ್ದೆ.

ಭಗವಂತರಾಯ ಡಾಕ್ಟರು ಆ ಚಿತ್ರಗಳನ್ನು ನೋಡಿ ಕನ್ನಡಕ ತೆಗೆದಿಟ್ಟರು. ಇದರಲ್ಲಿ ನಾಳ ಯಾವುದು, ನುಂಗಿದ ಗುರುತು ಯಾವುದು ನನಗೆ ತಿಳಿಯುತ್ತಿಲ್ಲ ಎಂದರು. ಮಂಪರು ಬರಿಸಿ ಮಾಡೋಣವೆಂದರೆ ನಿಮ್ಮ ಎದೆ, ನಿಮ್ಮ ಕಿಡ್ನಿ, ಯಾವುದೂ ಅದಕ್ಕೆ ಒಪ್ಪುವ ಹಾಗಿರಲಿಲ್ಲ.

ಬೇಗ ಮುಗಿಸುವ ಒಂದು ವಿಧಾನ ನಮ್ಮ ಯಂತ್ರದಲ್ಲಿ ಆಗಲೇ ಒಂದು ವರ್ಷದಿಂದ ಬಿದ್ದಿತ್ತು. ಹಾಕಿಕೊಟ್ಟ ಎಂಜಿನಿಯರು ಒಂದು ಸಲ ತೋರಿಸಿ ಹೋಗಿದ್ದ. ಯಾರೂ ಬಳಸಿರಲಿಲ್ಲ. ನಾನು ಡಾಕ್ಟರಿಗೆ ನಾಲ್ಕೈದು ಸಲ ನೆನಪಿಸಿದ್ದೆ, ಅವರು ನೋಡೋಣ ಎನ್ನುತ್ತಿದ್ದರು. ನಿಮ್ಮ ಮೂರು ಹಾಳು ಚಿತ್ರ ನೋಡಿದ ಮೇಲೆ ಅವರೂ ಒಪ್ಪುವ ಮಾತಾಡಿದರು. ಅಲ್ಲಿಗೆ ನಾನು ಸುಮ್ಮನೆ ನಿಮ್ಮನ್ನು ಮಲಗಿಸಿ ಗುಂಡಿ ಒತ್ತಬೇಕಿತ್ತು. ಒತ್ತದೆ, ಅದೇನೆಂದು ನಿಮಗೆ ವಿವರಿಸಿ ಹೇಳಲು ಕೂತೆ. ನಿಮ್ಮ ಮನೆಯಲ್ಲಿದ್ದು ಶಹಾಪುರದ ಹೈಸ್ಕೂಲಿಗೆ ಹೋದವಳು ನಾನು. ಏನಾದರೂ ಮಾಡುವ ಮೊದಲು ಏಕೆಂದು ಹೇಳಬೇಕು ಎಂದು ಕಲಿಸಿದವರು ನೀವೇ, ಹಾಗಾಗಿ ಅನುಭವಿಸಿದೆ.

ಹಳೆಯ ರೀತಿಯಲ್ಲಿ ಯಂತ್ರ ಎಲ್ಲವನ್ನೂ ಸಾಲಾಗಿ ಅಳೆಯುತ್ತದೆ, ಅದಕ್ಕೇ ಹೊತ್ತು ಹಿಡಿಯುತ್ತದೆ; ಹೊಸ ರೀತಿಯಲ್ಲಿ ಆರರಲ್ಲಿ ಒಂದು ಪಾಲು ಅಳೆದು, ಉಳಿದದ್ದನ್ನು ಕಂಪ್ಯೂಟರು ಲೆಕ್ಕ ಹಾಕಿ ತುಂಬುತ್ತದೆ; ರಕ್ತನಾಳ ಕಪ್ಪು ಬಯಲಿನಲ್ಲಿ ಬೆಳಗುವ ಕೆಲವೇ ಗೆರೆಗಳಾದ್ದರಿಂದ ಅದು ಸಾಧ್ಯ ಎಂದೆ. ನೀವು ಟವೆಲನ್ನು ಹೆಗಲಿಗೆ ಹಾಕಿಕೊಂಡು ಮಂಚದಿಂದ ಕೆಳಗಿಳಿದಿರಿ. "ಅಳೀಲಾರದ್ದನ್ನ ತುಂಬಿ ಬರದ್ರ ಅದಕ್ಕ ಸುಳ್ಳು ಅಂತಾರ" ಎಂದಿರಿ.

ನಾನು ಕೂಗಾಡಿದೆ. ನಿಮ್ಮ ಮುಂದೆ ದನಿ ಎತ್ತಿದ್ದು ಅದೇ ಮೊದಲು. ಹೊರಗೆ ಕೂತ ಮಂದಿ ಎದ್ದು ನೋಡಿದರು. ನೀವು ಸಿಟ್ಟಾಗಲಿಲ್ಲ. ಬೆಂಚಿನ ಮೇಲೆ ಕೂತು, ಇಪ್ಪತ್ತು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳದ್ದನ್ನು ಹೇಳಿದಿರಿ.

"ನಾನೂ ಒಮ್ಮಿ ಅಳೀಲಾರದ ಬರದೀನಿ, ದೇವಕಿ."

ಕಾಲುವೆ ಬಂದ ಹೊಸತು. ನೀವು ಶಹಾಪುರದ ಆಚೆ ಗೇಜು ಓದುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ದಿನಕ್ಕೆ ಮೂರು ಸಲ ಕಾಲುವೆ ದಂಡೆಗೆ ಹೋಗಿ, ನೀರಲ್ಲಿ ನಿಲ್ಲಿಸಿದ ಅಳತೆ ಪಟ್ಟಿ ನೋಡಿ, ಎಷ್ಟು ನೀರು ಹರಿಯುತ್ತಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ಬಾಲಮ್ಮತ್ತಿ ಚೊಚ್ಚಲ ಹೆರಿಗೆಗೆ ಸುರಪುರದ ತವರಿಗೆ ಹೋಗಿದ್ದರು. ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂತು, ನೀವು ಹೋದಿರಿ. ಮೂರು ದಿನ ಅಲ್ಲೇ ಉಳಿದಿರಿ. ಮಗು ಉಳಿಯಲಿಲ್ಲ. ತಿರುಗಿ ಬಂದವರು ಖಾಲಿ ಇದ್ದ ಮೂರು ದಿನಕ್ಕೆ ಹಿಂದಿನ ದಿನದ ಅಳತೆಯನ್ನೇ ತುಂಬಿದಿರಿ. ನೀರು ನಿನ್ನೆಯಷ್ಟೇ ಇದ್ದಿರುತ್ತದೆ ಎಂದುಕೊಂಡಿರಿ. ಆದರೆ ಆ ಮೂರು ದಿನ ಮೇಲುಗಡೆ ದಂಡೆ ಕುಸಿದು ನೀರು ಅರ್ಧಕ್ಕೆ ಇಳಿದಿತ್ತು. ಕಾಲುವೆಯ ಕೊನೆಯ ಹೊಲದವರ ನಾಟಿ ಒಣಗಿತು. ಅವರು ಕಚೇರಿಗೆ ಬಂದು ನೀರು ಬರಲಿಲ್ಲ ಎಂದರೆ, ಪುಸ್ತಕ ನೋಡಿ, ತುಂಬ ನೀರು ಹರಿದಿದೆ, ಸುಳ್ಳು ಹೇಳುತ್ತೀರಿ ಎಂದು ಬೈದು ಕಳಿಸಿದರು. ಆ ಮಂದಿಯಲ್ಲಿ ಹುಲಗಪ್ಪ ಎಂಬುವನು ಹೊರಡುವ ಮೊದಲು ಬಾಗಿಲಲ್ಲಿ ನಿಂತು ನಿಮ್ಮ ಮುಖವನ್ನೇ ನೋಡಿದನಂತೆ.

"ನಾ ಏನರ ಅಂದೇನು ಅಂತ ನಿಂತಿದ್ದ. ನಾ ಬಾಯಿ ಬಿಡಲಿಲ್ಲ. ನೌಕ್ರಿ ಹೋಗ್ತದಂತ ಅಂಜಿದ್ನಿ."

ಇದನ್ನು ಹೇಳಿ ನೀವು ಕೆಮ್ಮಿದಿರಿ. ಆಮೇಲೆ ನಿಮ್ಮ ಎಂದಿನ ದನಿಯಲ್ಲಿ, ಹನ್ನೆರಡು ಮಂದಿಗೆ ಎರಡೂ ರೀತಿ ಮಾಡಿ ತೋರಿಸು, ಎರಡೂ ಒಂದೇ ಬಂದರೆ ನಾನು ಮಲಗುತ್ತೇನೆ ಎಂದಿರಿ. ಹನ್ನೆರಡೇ ಏಕೆ ಎಂದು ನಾನು ಕೇಳಲಿಲ್ಲ. ಕೇಳುವಷ್ಟು ತಾಳ್ಮೆ ಉಳಿದಿರಲಿಲ್ಲ.

ಮರುದಿನದಿಂದ ಬೆಳಿಗ್ಗೆ ಏಳಕ್ಕೇ ಬರತೊಡಗಿದೆ. ರೋಗಿಗಳು ಬರುವ ಮೊದಲು ದಿನಕ್ಕೆ ಒಬ್ಬಿಬ್ಬರಂತೆ, ಹಳೆಯ ರೀತಿ ಆರೂವರೆ ನಿಮಿಷ, ಹೊಸ ರೀತಿ ಅರವತ್ತು ಸೆಕೆಂಡು. ಮೊದಲು ನಾನೇ ಮಲಗಿದೆ. ನನ್ನ ಕುತ್ತಿಗೆಯ ನಾಲ್ಕೂ ನಾಳ ಎರಡರಲ್ಲೂ ಒಂದೇ ಸಮ ಬಂದವು. ಎರಡನೇ ದಿನ ನಮ್ಮ ಕಸ ಗುಡಿಸುವ ಮಾಳಮ್ಮ ಮಲಗಿದಳು. ಹಳೆಯ ಚಿತ್ರದಲ್ಲಿ ಅವಳ ನಾಳ ಸರಿಯಾಗಿತ್ತು. ಬೇಗದ ಚಿತ್ರದಲ್ಲಿ, ನಾಳ ಬಾಗುವ ಕಡೆ, ಯಾರೋ ಚಿವುಟಿದ ಹಾಗೆ ಕಿರಿದಾಗಿತ್ತು. ಇಲ್ಲದ ರೋಗ. ಮಾಳಮ್ಮ ನನ್ನ ಮುಖ ನೋಡಿ ತನಗೇನೋ ಆಗಿದೆ ಎಂದು ಅಳಲಿಕ್ಕೆ ಸುರು ಮಾಡಿದಳು. ಅವಳನ್ನು ಸಮಾಧಾನ ಮಾಡುವಷ್ಟರಲ್ಲಿ ನನಗೇ ಅಳು ಬಂತು. ನೀವು ಹೇಳಿದ್ದು ನಿಜವಾಗಿತ್ತು. ಅದಕ್ಕಿಂತ ಕಿರಿಕಿರಿಯ ಸಂಗತಿ ನನ್ನ ಜೀವನದಲ್ಲಿ ಇನ್ನೊಂದಿಲ್ಲ.

ಡಾಕ್ಟರೂ ನಾನೂ ಕೂತು ನೋಡಿದೆವು. ಅರವತ್ತು ಸೆಕೆಂಡು ಎಂಬುದು ದುರಾಸೆ. ಅಷ್ಟು ಕಡಿಮೆ ಅಳೆದರೆ ರಕ್ತ ಸುಳಿಯುವ ಬಾಗಿನಲ್ಲಿ ಕಂಪ್ಯೂಟರು ತಪ್ಪು ತುಂಬುತ್ತದೆ. ಅಳತೆ ಹೆಚ್ಚಿಸಿ ತೊಂಬತ್ತಕ್ಕೆ ತಂದೆವು. ಮೂರನೇ ದಿನ ಮಾಳಮ್ಮನನ್ನು ಮತ್ತೆ ಮಲಗಿಸಿದೆ. ಚಿವುಟಿದ್ದು ಹೋಗಿತ್ತು. ಇನ್ನಿಬ್ಬರದ್ದು ನೋಡಿದೆ, ಸರಿ ಬಂತು. ನಾಲ್ಕನೇ ದಿನ ಮತ್ತಿಬ್ಬರು, ಸರಿ ಬಂತು.

ಎಂಟನೇ ದಿನ ಬೆಳಿಗ್ಗೆ ಹತ್ತಕ್ಕೆ ಅತ್ತೆಯ ಫೋನು ಬಂತು. ನಿಮ್ಮ ಕಣ್ಣಿಗೆ ಪರದೆ ಇಳಿದು ಅರ್ಧ ತಾಸಾಯಿತು, ಸರಿಯುತ್ತಿಲ್ಲ ಎಂದರು. ನೀವು ಕಾಲುವೆಯ ದಂಡೆ ಇಳಿಯುವಾಗ ಬಿದ್ದಿದ್ದಿರಿ. ನಿಮ್ಮ ಹಳೆಯ ಜೊತೆಗಾರ ಶರೀಫಸಾಬರು ಗಾಡಿ ಮಾಡಿ ಕರೆತಂದರು. ಕಣ್ಣಿನ ಡಾಕ್ಟರು ನೋಡಿ, ಎಡಗಣ್ಣಿನ ಕೆಳಗಿನ ಅರ್ಧ ನೋಟ ಹೋಗಿದೆ, ತಿರುಗಿ ಬರುವ ಭರವಸೆ ಕೊಡಲಾರೆ ಎಂದರು. ಅಲ್ಲಿಂದ ನೇರ ನನ್ನ ಯಂತ್ರದ ಮಂಚಕ್ಕೆ.

ಅವತ್ತು ನೀವು ಏನೂ ಕೇಳಲಿಲ್ಲ. ಮಲಗಿ ಎಂದೆ, ಮಲಗಿದಿರಿ. ಪಟ್ಟಿ ಹಾಕುವಾಗಲೂ ನಿಮ್ಮ ಕುತ್ತಿಗೆ ಅಲುಗಲಿಲ್ಲ. ತೊಂಬತ್ತು ಸೆಕೆಂಡು ನಾನು ಒಂದೊಂದಾಗಿ ಎಣಿಸಿದೆ. ಯಂತ್ರ ನಿಂತ ಮರುಗಳಿಗೆಗೆ ಕೆಮ್ಮಿದಿರಿ, ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಕೆಮ್ಮು, ಐದು ನಿಮಿಷ ನಿಲ್ಲಲಿಲ್ಲ. ಅಷ್ಟರಲ್ಲಿ ಚಿತ್ರ ಬಂದಿತ್ತು. ಎಡ ನಾಳ ದವಡೆಯ ಕೆಳಗೆ, ಒಂದು ಜೀರಿಗೆ ಕಾಳಿನಷ್ಟು ಉದ್ದಕ್ಕೆ, ನೂಲಿನ ಹಾಗಾಗಿತ್ತು. ಇಷ್ಟು ದಿನ ಹುಡುಕಿದ್ದು ಅಷ್ಟು ಸ್ಪಷ್ಟವಾಗಿ ಅಲ್ಲಿತ್ತು.

ನೀವು ಚಿತ್ರ ನೋಡಬೇಕೆಂದಿರಿ. ಒಳ್ಳೆಯ ಕಣ್ಣಿನಿಂದ ಬಹಳ ಹೊತ್ತು ನೋಡಿದಿರಿ. "ಇದರಾಗ ಅಳದದ್ದು ಎಷ್ಟು, ತುಂಬಿದ್ದು ಎಷ್ಟು?" ಎಂದು ಕೇಳಿದಿರಿ. ನಾಲ್ಕರಲ್ಲಿ ಒಂದು ಪಾಲಿನಷ್ಟು ಅಳೆದದ್ದು ಎಂದೆ. "ಹಂಗಂತ ಕೆಳಗ ಬರಿ" ಎಂದಿರಿ. ಡಾಕ್ಟರು ನಗಲಿಲ್ಲ. ವರದಿಯ ಕೊನೆಗೆ, ಇದು ಕಡಿಮೆ ಅಳತೆಯಿಂದ ಬೇಗ ತೆಗೆದ ಚಿತ್ರ, ಬಾಗಿನ ಭಾಗದಲ್ಲಿ ಸಂಶಯವಿದ್ದರೆ ಇನ್ನೊಮ್ಮೆ ನೋಡಬೇಕು ಎಂದು ಬರೆದರು. ಅವತ್ತಿನಿಂದ ನಮ್ಮಲ್ಲಿ ಬೇಗದ ಪ್ರತಿ ಸ್ಕ್ಯಾನಿನ ಕೆಳಗೆ ಆ ಸಾಲು ಇರುತ್ತದೆ.

ಅದಾದ ಐದನೇ ದಿನಕ್ಕೆ ಹೈದರಾಬಾದಿನಲ್ಲಿ ಆಪರೇಷನ್ ಆಯಿತು. ಚಿತ್ರದಲ್ಲಿ ಕಂಡ ಜಾಗದಲ್ಲೇ, ಕಂಡಷ್ಟೇ ಉದ್ದಕ್ಕೆ ಕಟ್ಟಿತ್ತು ಎಂದು ಅಲ್ಲಿನ ಡಾಕ್ಟರು ಫೋನಿನಲ್ಲಿ ಹೇಳಿದರು. ಕೈಕಾಲು ಉಳಿಯಿತು, ಮಾತು ಉಳಿಯಿತು. ಮಾತು ಉಳಿದದ್ದಕ್ಕೆ ಕೆಲವೊಮ್ಮೆ ನನಗೆ ಬೇಸರವೂ ಆಗುತ್ತದೆ, ಏಕೆಂದು ಹೇಳುತ್ತೇನೆ.

ಹೋದ ಸೋಮವಾರ ಶರೀಫಸಾಬರು ತಮ್ಮ ಸೊಂಟದ ಸ್ಕ್ಯಾನಿಗೆ ಬಂದಿದ್ದರು. ಶಹಾಪುರದ ಚಹಾ ಅಂಗಡಿಯಲ್ಲಿ ನೀವು ಎಲ್ಲರಿಗೂ ಒಂದು ಕಥೆ ಹೇಳುತ್ತಿದ್ದೀರಂತೆ. ಹುಡುಗಿ ಮೊದಲ ದಿನವೇ ತಯಾರಿದ್ದಳು, ನಾನೇ ಹಟ ಹಿಡಿದೆ, ನನ್ನ ಹಟಕ್ಕೆ ನನ್ನ ಕಣ್ಣು ಹೋಯಿತು, ಅವಳದ್ದೇನೂ ತಪ್ಪಿಲ್ಲ ಎಂದು. ಕೇಳಿದವರೆಲ್ಲ ಸೊಸೆಯ ಮೇಲೆ ಎಷ್ಟು ಮಮತೆ ಎನ್ನುತ್ತಾರಂತೆ. ಶರೀಫಸಾಬರು ಇದನ್ನು ಸಂತೋಷದಿಂದ ಹೇಳಿದರು. ನನಗೆ ಅವರ ಎದುರು ನಿಲ್ಲಲಾಗಲಿಲ್ಲ, ಒಳಗೆ ಹೋದೆ.

ಈಗ ಕೇಳಿ ಮಾಮಾ. ಇದನ್ನು ಹೇಳಲಿಕ್ಕೇ ಇಷ್ಟು ಬರೆದೆ.

ನಾಲ್ಕನೇ ದಿನ, ಮಾಳಮ್ಮನದ್ದು ಸರಿಯಾಗಿ, ಆಮೇಲಿನ ನಾಲ್ವರದ್ದೂ ಸರಿ ಬಂದ ಮೇಲೆ, ಭಗವಂತರಾಯ ಡಾಕ್ಟರು ನನ್ನನ್ನು ಕರೆದು, "ಸಾಕು ಬಿಡ್ರಿ. ನಾಳೆ ನಿಮ್ಮ ಮಾಮಾನ್ನ ಕರಕೊಂಡು ಬರ್ರಿ. ಉಳಿದವರನ್ನ ಆಮ್ಯಾಲ ನೋಡೋಣು" ಎಂದಿದ್ದರು. ನಾನು ಆಯಿತೆಂದೆ. ಕರೆತರಲಿಲ್ಲ. ನಿಮಗೆ ಫೋನ್ ಕೂಡ ಮಾಡಲಿಲ್ಲ. ನಾನು ಬಂದು ಕೈ ಹಿಡಿದರೆ ನೀವು ಬೇಡವೆನ್ನುತ್ತಿದ್ದಿರಿ ಎಂದು ಈಗ ಹೇಳಿಕೊಳ್ಳಬಹುದು. ಅದು ಸರಿಯಲ್ಲ. ಅತ್ತೆ ಅತ್ತಿದ್ದರೆ ಬರುತ್ತಿದ್ದಿರಿ, ಅದು ನನಗೆ ಗೊತ್ತಿತ್ತು.

ನನಗೆ ಹನ್ನೆರಡೂ ಬೇಕಿತ್ತು. ಹತ್ತನೇ ತರಗತಿಯ ಅಂಕಪಟ್ಟಿ ತಂದು ಕೊಟ್ಟಾಗ ನೀವು ಕನ್ನಡಕ ಹಾಕಿಕೊಂಡು ಒಟ್ಟು ಮೊತ್ತ ಸರಿಯಿದೆಯೇ ಎಂದು ಕೂಡಿಸಿ ನೋಡಿ, ಹಿಂದಕ್ಕೆ ಕೊಟ್ಟಿದ್ದಿರಿ. ನೌಕರಿಯ ಆರ್ಡರು ತಂದಾಗ ತಾರೀಖು ನೋಡಿ, ಹೊತ್ತಿಗೆ ಸರಿಯಾಗಿ ಹೋಗು ಎಂದಿದ್ದಿರಿ. ಒಳ್ಳೆಯದಾಯಿತು ಎಂಬ ಮಾತು ನಿಮ್ಮ ಬಾಯಿಂದ ನಾನು ಕೇಳಿಲ್ಲ. ಈ ಸಲ ಹನ್ನೆರಡು ಜೋಡಿ ಚಿತ್ರ ನಿಮ್ಮ ಮುಂದೆ ಹರಡಿ, ಒಂದರಲ್ಲೂ ನಿಮಗೆ ತಪ್ಪು ಸಿಗದೆ, ಬರಾಬ್ಬರ್ ಅದ ಎಂದು ನೀವು ಹೇಳುವುದನ್ನು ಕೇಳಬೇಕಿತ್ತು. ಮೂವತ್ನಾಲ್ಕು ವರ್ಷದ ಹೆಂಗಸು, ಇಬ್ಬರು ಮಕ್ಕಳ ತಾಯಿ, ದಿನಕ್ಕೆ ಇಪ್ಪತ್ತು ಮಂದಿಯ ಜೀವದ ಚಿತ್ರ ತೆಗೆಯುವವಳು, ಅದೊಂದು ಮಾತಿಗಾಗಿ ನಾಲ್ಕು ದಿನ ಕಾದೆ. ಆ ನಾಲ್ಕು ದಿನದ ಕೊನೆಗೆ ನಿಮ್ಮ ಕಣ್ಣು ಹೋಯಿತು.

ಮೊದಲ ನಾಲ್ಕು ದಿನ ನಿಮ್ಮವು, ಅದರಲ್ಲಿ ಮಾಳಮ್ಮನ ತಪ್ಪು ಚಿತ್ರ ಸಿಕ್ಕಿತು, ಅವು ವ್ಯರ್ಥವಾಗಲಿಲ್ಲ. ನಂತರದ ನಾಲ್ಕು ನನ್ನವು. ಅತ್ತೆಗೆ ಇದು ಗೊತ್ತಿಲ್ಲ. ಡಾಕ್ಟರಿಗೆ ಗೊತ್ತು, ಅವರು ಒಂದು ಮಾತೂ ಆಡಿಲ್ಲ, ಅದು ಬೈದದ್ದಕ್ಕಿಂತ ಹೆಚ್ಚಾಗಿದೆ. ಏಳು ತಿಂಗಳು ಇದನ್ನು ಇಟ್ಟುಕೊಂಡು ನಿಮ್ಮ ಮೇಲೆ ರೇಗುತ್ತ ಬಂದಿದ್ದೇನೆ. ಫೋನಿನಲ್ಲಿ ರೇಗಿದ್ದೆಲ್ಲ ನಿಮ್ಮ ಮೇಲಲ್ಲ ಎಂದು ನನಗೆ ಶರೀಫಸಾಬರು ಹೋದ ಮೇಲೆ ಗೊತ್ತಾಯಿತು.

ಆದ್ದರಿಂದ ಚಹಾ ಅಂಗಡಿಯ ಕಥೆ ನಿಲ್ಲಿಸಿ. ನಿಲ್ಲಿಸಲಾಗದಿದ್ದರೆ ಸರಿಯಾಗಿ ಹೇಳಿ, ನನ್ನ ಹೆಸರು ಹಿಡಿದು ಹೇಳಿ. ಈ ಕಾಗದವನ್ನು ಅತ್ತೆಗೆ ಓದಿಹೇಳಿ, ಈ ಕೊನೆಯ ಪುಟ ಬಿಡದೆ. ಅವರು ನನ್ನ ಕೂಡ ಮಾತು ಬಿಟ್ಟರೆ ಬಿಡಲಿ, ಅದು ಅವರ ಹಕ್ಕು.

ಕ್ಷಮಿಸಿ ಎಂದು ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳುತ್ತಿದ್ದೇನೆ. ಉಳಿದ ಒಂದೂವರೆ ಕಣ್ಣಿನ ಬೆಳಕು ನಿಮಗೆ ಕೊನೆಯವರೆಗೂ ಇರಲಿ. ಕಾಲುವೆ ದಂಡೆ ಇಳಿಯುವಾಗ ಬಲಗಾಲು ಮುಂದಿಡಿ, ಆ ಕಡೆ ಕಾಣುತ್ತದೆ.

ನಿಮ್ಮ ಮನೆಯ ಅನ್ನ ಉಂಡು ಬೆಳೆದ ಸೊಸೆ,
ದೇವಕಿ